ಓಣಿಗೊಂದು ಸೂಜಿ

ಮುಕುಂದನ ಹಣೆಬರಹ ಕೆಟ್ಟದ್ದು ಒಂದೇ ಒಂದು ಮಾತಿನಿಂದ. ಕಮಲಾಪುರದ ಅಗಸಿ ಬಾಗಿಲಲ್ಲಿ ನಿಂತು ಅವನು ಎದೆಯುಬ್ಬಿಸಿ ಹೇಳಿಬಿಟ್ಟಿದ್ದ: "ಅಂಜಿಕಿ ಇದ್ರ ಮೊದಲು ನಾನೇ ಚುಚ್ಕೋತೀನ್ರೀ."

ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತ್ತು. ಕಲಬುರಗಿಯ ದೊಡ್ಡ ಡಾಕ್ಟರು ಬುರ್ಹಾನುದ್ದೀನ್ ಸಾಹೇಬರು ಮದ್ದಿನ ಪೆಟ್ಟಿಗೆ ಕೈಗಿಡುವಾಗಲೇ ಖಡಾಖಂಡಿತ ಹೇಳಿದ್ದರು: "ಮುಕುಂದರಾವ್, ಸಂಜಿಕ್ಕ ನಾ ಬರ್ತೀನಿ. ಇಡೀ ಊರಿಗೆ ಸೂಜಿ ಆಗಿರಬೇಕು. ಆತಂದ್ರ ನೌಕರಿ ಕಾಯಂ. ಇಲ್ಲಂದ್ರ ಖುದಾ ಹಾಫಿಜ್."

ಹಂಗಾಮಿ ನೌಕರ ಮುಕುಂದ ಮೊದಲ ಮೋಟಾರಿಗೇ ಬಂದಿಳಿದ. ಆದರೆ ಮಿಲಿಟರಿ ಬಂದು ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ಕಳೆದಿದ್ದರೂ ಅವನು ತೊಟ್ಟಂಥ ಖಾಕಿ ಅಂಗಿ ಕಂಡರೆ ಊರು ಆಮೆಯಂತೆ ತಲೆ ಒಳಗೆಳೆದುಕೊಳ್ಳುತ್ತಿತ್ತು. ಆ ತಲೆಗಳನ್ನು ಹೊರಗೆ ತರಲು ಆಡಿದ ಮಾತು ಅದು. ಸೂಜಿಯೆಂದರೆ ತನಗೇ ಜೀವ ಹೋಗುತ್ತದೆಂಬುದನ್ನು ಆ ಭರದಲ್ಲಿ ಮರೆತಿದ್ದ.

"ಹಂಗಾದ್ರ ಚುಚ್ಕೋರಿ" ಎಂದರು ಊರಗೌಡ ದೇವೀಂದ್ರಪ್ಪ, ಕಟ್ಟೆಯ ಮೇಲೆ ಕಾಲು ಚಾಚಿ.

ಮುಕುಂದ ಎಡತೋಳಿಗೆ ಚುಚ್ಚಿಕೊಂಡ. ಹಸಿ ಹಾಗಲಕಾಯಿ ಕಡಿದಂತಾದ ಮುಖಕ್ಕೆ ಹೇಗೋ ಒಂದು ನಗೆ ಅಂಟಿಸಿದ.

"ಏನೂ ಆಗಲಿಲ್ಲ ನೋಡ್ರಿ. ಇನ್ನ ನೀವು ಬರ್ರಿ ಗೌಡ್ರ."

"ಬರ್ತೀವಿ ತಗೋರಿ. ಸಂಜೀತನಕ ನೀವು ಇರ್ತೀರೋ ಇಲ್ಲೋ ನೋಡಿ ಬರ್ತೀವಿ. ಅವಸರ ಮಾಡೋ ಮನಶ್ಯಾ ಅಲ್ಲ ನಾ. ಹ್ವಾದ ವರ್ಷ ಮೊಣಕಾಲು ಹಿಡಕೊಂಡಿತ್ತು. ಗುಡಿತನಕ ನೆಲಕ್ಕ ಮೈ ಹಚ್ಚಿ ದೀಡ ನಮಸ್ಕಾರ ಹಾಕ್ತೀನಂತ ಹರಕಿ ಹೊತ್ತೆ. ಆ ಮೊಣಕಾಲಿಲೆ ಹಾಕೂದು ಹ್ಯಾಂಗ? ನನ್ನ ಪರವಾಗಿ ನಮ್ಮ ಆಳು ಮಾಪಣ್ಣ ಹಾಕಿದ. ತರಚಿದ್ದು ಅವನ ಮೈ, ನೆಟ್ಟಗಾದದ್ದು ನನ್ನ ಮೊಣಕಾಲು."

ಈ ಪುರಾಣಕ್ಕೂ ಸೂಜಿಗೂ ಏನು ಸಂಬಂಧವೋ ತಿಳಿಯದೆ ಮುಕುಂದ ಮುಂದಿನ ಓಣಿಗೆ ನಡೆದ.

ಅಲ್ಲಿ ಚಹಾದಂಗಡಿಯ ಅಲ್ಲಾಬಕ್ಷ ಗಡ್ಡ ನೀವಿಕೊಂಡ. "ಅಗಸ್ಯಾಗ ಚುಚ್ಕೊಂಡದ್ದು ಅಗಸಿ ಮಂದಿಗಾತು ಭಾಯಿ. ನಮ್ಮ ಮೊಹಲ್ಲಾದಾಗ ಯಾರು ನೋಡ್ಯಾರ?"

"ಮದ್ದು ಅದೇ ಅದ ಕಾಕಾ."

"ನನ್ನ ಚಹಾನೂ ಒಂದೇ ಪಾತ್ರೇದು. ಅವರು ಕುಡುದ್ರ ಇವರಿಗೆ ರುಚಿ ತಿಳೀತದೇನು?"

ಬಲತೋಳೂ ಹೋಯಿತು. ಅಲ್ಲಾಬಕ್ಷ ಚಹಾ ಕೊಟ್ಟ, ತೋಳು ಕೊಡಲಿಲ್ಲ. "ಗೌಡ್ರದು ಮೊದಲು ಆಗ್ಲಿ" ಎಂದ.

ಮೂರನೆಯ ಓಣಿಯಲ್ಲಿ ಗುಂಡಮ್ಮ ರೊಟ್ಟಿ ಬಡಿಯುತ್ತಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಡಗೈ ಗೌಡ್ರಿಗೆ ಕೊಟ್ಟಿ, ಬಲಗೈ ಸಾಬರಿಗೆ ಕೊಟ್ಟಿ. ನಮಗೇನು ಉಳಿಸೀದಿ ತಮ್ಮಾ?"

"ಏನೂ ಉಳಿದಿಲ್ಲವ್ವಾ."

"ತೊಡಿ ಅದಲ್ಲ."

ಮುಕುಂದ ನಿಟ್ಟುಸಿರಿಟ್ಟು ಧೋತರ ಸರಿಸಿದ.

ಹೊತ್ತು ಇಳಿಯಿತು, ಜ್ವರ ಏರಿತು. ತೋಳುಗಳೆರಡೂ ಕಮಲಾಪುರದ ಕೆಂಪು ಬಾಳೆಹಣ್ಣಿನಂತೆ ಊದಿಕೊಂಡವು. ಕಾಲೆಳೆಯುತ್ತ ಬಂದು ಅವನು ಅಗಸಿ ಕಟ್ಟೆಗೊರಗಿದ. ಕಣ್ಣು ತೆರೆದು ನೋಡಿದರೆ ಊರಿಗೆ ಊರೇ ಅವನತ್ತ ಬರುತ್ತಿದೆ. ಅದೇ ಹೊತ್ತಿಗೆ ಸಾಹೇಬರ ಜೀಪೂ ಬಂದು ನಿಂತಿತು.

"ಮಾಶಾಲ್ಲಾ" ಎಂದರು ಸಾಹೇಬರು ಗುಂಪು ಕಂಡು. "ಎಷ್ಟು ಸೂಜಿ ಆತು?"

"ಮೂರು ಸಾಹೇಬ್ರ. ಉಳಿದವರು ಈಗ ಬಂದ್ರು ನೋಡ್ರಿ."

ದೇವೀಂದ್ರಪ್ಪ ಮುಂದೆ ಬಂದು ಅವನ ಕೊರಳಿಗೆ ಹಾರ ಹಾಕಿ ಮಡಿಲಲ್ಲಿ ತೆಂಗಿನಕಾಯಿ ಇಟ್ಟರು. ಮುಕುಂದ ಸೂಜಿ ಎತ್ತಿದ. "ತೋಳು ಕೊಡ್ರಿ ಗೌಡ್ರ."

"ಇನ್ನ್ಯಾಕ್ರಿ ಅದು? ಮೂರೂ ಓಣಿ ಪರವಾಗಿ ನೀವೇ ಚುಚ್ಕೊಂಡ್ರಿ. ಜ್ವರಾನೂ ನೀವೇ ತಗೊಂಡ್ರಿ. ನಮ್ಮ ಮಾಪಣ್ಣ ಸೈತ ದೀಡ ನಮಸ್ಕಾರ ಇಷ್ಟು ಮನಸ್ಸಿಟ್ಟು ಹಾಕಿದ್ದಿಲ್ಲ."

"ನಮ್ಮ ಓಣಿ ಕಾಲು ಹ್ಯಾಂಗದ ತಮ್ಮಾ?" ಎಂದಳು ಗುಂಡಮ್ಮ ಕನಿಕರದಿಂದ.

ಸಾಹೇಬರು ಗುಡುಗಿದರು: "ಅರೆ, ಹಂಗ ನಡಿಯಂಗಿಲ್ಲ. ಸೂಜಿ ಎಲ್ಲಾರೂ ತಗೋಬೇಕು."

"ಆಗಲಿ ಸಾಹೇಬ್ರ" ಎಂದರು ಗೌಡರು ವಿನಯದಿಂದ. "ಮೊದಲು ನೀವು ಚುಚ್ಕೋರಿ, ನೋಡ್ತೀವಿ."

ಸಾಹೇಬರಿಗೆ ಕಲಬುರಗಿಯಲ್ಲಿ ಏನೋ ಜರೂರಿ ಕೆಲಸ ನೆನಪಾಯಿತು. ಜೀಪು ಹೊರಟೇಬಿಟ್ಟಿತು.

"ಸಾಹೇಬ್ರ, ನೌಕರಿ ಕಾಯಂ?" ಎಂದು ಮುಕುಂದ ಕ್ಷೀಣವಾಗಿ ಕೂಗಿದ.

"ಸೋಚೇಂಗೆ, ವಿಚಾರ ಮಾಡೂಣು" ಎಂಬುದೊಂದು ಮಾತು ಧೂಳಿನೊಳಗಿಂದ ಕೇಳಿಸಿತು.

ಆ ಧೂಳು ಕರಗುತ್ತಿದ್ದಂತೆ ಅದರ ಹಿಂದೆ ಒಂದು ಎತ್ತಿನ ಗಾಡಿ ಕಂಡಿತು. ಒಳಗೆ ಮೆತ್ತಗೆ ಹುಲ್ಲು ಹರಡಿ ಕೌದಿ ಹಾಸಿತ್ತು, ತಲೆದಿಂಬೂ ಇತ್ತು. ದೇವರೇ ಕಳಿಸಿದ ಗಾಡಿ ಎಂದುಕೊಂಡು ಮುಕುಂದ ಏರಿ ಮಲಗಿದ. "ಕಲಬುರಗಿಗೆ ನಡೀಪಾ, ಪುಣ್ಯಾ ಬರ್ತದ."

ಗಾಡಿಯವ ಕೈಮುಗಿದ. "ಕಲಬುರಗಿಗಲ್ರೀ, ನಾವು ಪಕ್ಕದೂರವರು. ನಿಮ್ಮ ಸುದ್ದಿ ಕೇಳೇ ಬಂದೀವಿ. ಮಲ್ಕೊಂಡೇ ಬರ್ರಿ, ಅವಸರಿಲ್ಲ. ನಮ್ಮೂರಾಗ ಓಣಿ ಐದು ಅದಾವ್ರೀ."