ಕೊರಡಿನ ಮೇಲೆ ನಮ್ಮ ಮಾವ

ಸಾರಥಿ ಎಂಬ ಊರಿನ ನಮ್ಮ ಸೋದರಮಾವ ಯಾರಿಗೂ ಎದ್ದು ನಿಂತು ಮರ್ಯಾದೆ ಕೊಟ್ಟವರಲ್ಲ. ಅಮಲ್ದಾರರು ಬಂದಾಗ ಊರಿಗೆ ಊರೇ ಎದ್ದು ನಿಂತಿತ್ತು; ಇವರು ಕಂಬಕ್ಕೆ ಒರಗಿ ಕೂತಲ್ಲಿಂದಲೇ "ಬರ್ರಿ, ಕೂಡ್ರಿ" ಎಂದರು. ಮಠದ ಸ್ವಾಮಿಗಳಿಗೂ ಅದೇ ಉಪಚಾರ. ಎಂಥ ಸೊಕ್ಕು ಎಂದು ತೀರ್ಮಾನಿಸುವ ಮೊದಲು ಒಂದು ಸಣ್ಣ ಸಂಗತಿಯನ್ನು ಓದುಗರ ಅವಗಾಹನೆಗೆ ತರುವುದು ನನ್ನ ಧರ್ಮ. ಮಾವನಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಹರೆಯದಲ್ಲಿ ಹರಿಹರದ ದಾರಿಯಲ್ಲಿ ಹತ್ತಿ ತುಂಬಿದ ಗಾಡಿ ಮಗುಚಿ ಅವರ ಮೇಲೆ ಬಿದ್ದಿತ್ತು. "ಹತ್ತಿ ಹಗುರ ಅಂತ ಹೇಳಿದೋನು ಯಾವನೋ" ಎಂಬುದು ಆ ಕುರಿತು ಅವರು ಕೊಟ್ಟ ಏಕೈಕ ಹೇಳಿಕೆ.

ಇಂಥ ಸ್ಥಿತಿಯಲ್ಲಿ ಮನುಷ್ಯ ಏನು ಮಾಡಬೇಕು? ಜಗಲಿಯ ಮೇಲೆ ಕೂತು, ಎಲೆಯಡಿಕೆ ಜಗಿಯುತ್ತ, ಊರವರ ತಪ್ಪು ಹುಡುಕಬೇಕು. ಎರಡೂ ಕಾಲು ನೆಟ್ಟಗಿದ್ದ ಅನೇಕರು ನಿಷ್ಠೆಯಿಂದ ನಡೆಸುತ್ತಿದ್ದ ಕಾಯಕ ಅದು. ಮಾವ ಅದನ್ನು ಬಿಟ್ಟು ಬೇಸಾಯ ಮಾಡಿದರು. ಅದರಿಂದ ಅವರು ದಣಿದದ್ದನ್ನು ಯಾರೂ ಕಾಣರು. ದಣಿದವರು ಉಳಿದವರೆಲ್ಲ.

"ಕಾಲಿದ್ದೋರು ನಾವು, ಸುಸ್ತಾಗೋರೂ ನಾವು," ಎಂದು ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂರುತ್ತಿದ್ದರು. ಕೂತ ಮರುಕ್ಷಣವೇ ಒಳಗಿನಿಂದ ಕರೆ ಬರುತ್ತಿತ್ತು: "ಲೇ, ಎತ್ತಿಗೆ ನೀರು ತೋರ್ಸಿದ್ಯಾ?"

ನಾನು ಆಗ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ. ಮಾವನ ಅಣ್ಣ, ಅಂದರೆ ನಮ್ಮ ದೊಡ್ಡಮಾವ, ಪೇಟೆಯಲ್ಲಿ ಅಂಗಡಿ ಇಟ್ಟಿದ್ದರು. ಅವರ ಮನೆಯಲ್ಲಿ ನನ್ನ ವಾಸ. ಹೊಲ ಇದ್ದದ್ದು ಇಬ್ಬರ ಹೆಸರಿನಲ್ಲಿ. ಪ್ರತಿ ಯುಗಾದಿಗೂ ದೊಡ್ಡಮಾವ ಸಾರಥಿಗೆ ಹೋಗಿ, ಬೇವುಬೆಲ್ಲ ತಿಂದು, ಬೆಲ್ಲವನ್ನು ನುಂಗಿ ಬೇವನ್ನು ತಮ್ಮನ ಮುಂದೆ ಉಗುಳುತ್ತಿದ್ದರು.

"ಹೊಲ ಕೋರಿಗೆ ಕೊಡು. ಯಾರಾದ್ರೂ ಮಾಡ್ಕ್ಯಂತಾರೆ, ಅರ್ಧ ಫಸಲು ಮನೆಗೆ ಬರ್ತೈತೆ. ನಿನಗ್ಯಾಕ ಈ ಉಸಾಬರಿ?"

"ಯಾವ ವರ್ಷ ಬಿತ್ತನೆ ಹೊತ್ತಿಗೆ ಹೊಲ ಹಸನಾಗಲ್ವೋ ಆ ವರ್ಷ ಕೊಡೋಣ ಬಿಡಣ್ಣ."

ಇದು ಅವರಿಬ್ಬರ ಒಪ್ಪಂದ. ಹೊಲ ಹಸನಾಯಿತೋ ಇಲ್ಲವೋ ಎಂದು ನೋಡಿ ಬರಲು ದೊಡ್ಡಮಾವ ಮುಂಗಾರಿಗೆ ಮೊದಲು ನನ್ನನ್ನು ಕಳಿಸುತ್ತಿದ್ದರು. ನೋಡಲು ಹೋದ ನಾನು ಹಿಂದಿರುಗುವಾಗ ಸೊಂಟ ಹಿಡಿದುಕೊಂಡು ಬರುತ್ತಿದ್ದೆ. ಮಾವನ ಹೊಲದಲ್ಲಿ ಬರಿದೇ ನೋಡುವ ಹುದ್ದೆ ಇರಲಿಲ್ಲ.

ಹೋಗುವಾಗ ಪೇಟೆಯಿಂದ ಒಯ್ಯಬೇಕಾದ ಸಾಮಾನೂ ಇರುತ್ತಿತ್ತು. ಹೊಲದಲ್ಲಿ ಮಾವ ಕೈಯೂರಿ, ಕೂತಂತೆಯೇ ಜರುಗುತ್ತಿದ್ದರು. ಅದಕ್ಕಾಗಿ ಲಾರಿಯ ಹಳೆಯ ಟೈರನ್ನು ಕತ್ತರಿಸಿ ಸೊಂಟದ ಕೆಳಗೆ ಕಟ್ಟಿಕೊಳ್ಳುತ್ತಿದ್ದರು. ಟೈರು ಹುಡುಕಿಕೊಂಡು ನಾನು ಪೇಟೆಯ ಗುಜರಿ ಸಾಹೇಬರ ಬಳಿ ಹೋದೆ.

"ಯಾವ ಗಾಡಿಗೆ ಸ್ವಾಮಿ?"

"ನಮ್ಮ ಮಾವನಿಗೆ."

ಸಾಹೇಬರು ಗಂಭೀರವಾಗಿ ಯೋಚಿಸಿದರು. "ರಸ್ತಾ ಹೆಂಗೈತೆ? ಡಾಂಬರೋ, ಕಚ್ಚಾನೋ?"

"ಎರೆಹೊಲ."

"ಹಂಗಾರೆ ಹಲ್ಲು ಸವೆದಿಲ್ಲದ್ದು ಕೊಡ್ತೀನಿ. ಜಾರಲ್ಲ." ಎರಡು ಮಳೆಗಾಲ ಬಾಳಿಕೆ ಬರುತ್ತದೆಂದು ಭರವಸೆಯನ್ನೂ ಕೊಟ್ಟರು. ಬಂತು.

ಜೋಳ ಎದೆಮಟ್ಟ ಬೆಳೆದ ಮೇಲಂತೂ ಕಳೆ ಕೀಳುವ ಹೆಂಗಸರ ಪಾಡು ಹೇಳತೀರದು. ಬೇರೆ ಯಜಮಾನರು ಬಂದರೆ ರುಮಾಲು ದೂರದಿಂದಲೇ ಕಾಣುತ್ತದೆ. ಹರಟೆ ನಿಲ್ಲಿಸಿ ಕೈ ಆಡಿಸಬಹುದು. ನಮ್ಮ ಮಾವ ದಂಟಿನ ಬುಡದಲ್ಲೇ ಬರುವವರು. "ಹಂದಿ ಬಂತು ಅಂತ ಕುಡುಗೋಲು ಎತ್ತಿದ್ದೆ ಕಣಪ್ಪ," ಎಂದು ಒಬ್ಬಾಕೆ ನನ್ನ ಮುಂದೆ ಎದೆ ನೀವಿಕೊಂಡಳು. "ನೋಡಿದ್ರೆ ಗೌಡ್ರು! ಇಲ್ಲೊಂದು ಹುಲ್ಲು ಬಿಟ್ಟೀಯ ನೋಡು ಅಂತಾರೆ."

ಆದರೆ ಮಾವನ ನಿಜವಾದ ವೈಭವ ಕಾಣಬೇಕಾದರೆ ಕೊರಡು ಹೊಡೆಯುವ ದಿನ ಬರಬೇಕು. ಉತ್ತ ಹೊಲದ ಹೆಂಟೆ ಒಡೆಯಲು ಎತ್ತುಗಳಿಗೆ ದಪ್ಪ ಮರದ ದಿಮ್ಮಿ ಕಟ್ಟಿ ಎಳೆಸುತ್ತಾರಲ್ಲ, ಅದೇ ಕೊರಡು. ಅದರ ಮೇಲೆ ಭಾರ ಬೇಕು. ಊರವರು ಕಲ್ಲು ಹೇರುತ್ತಿದ್ದರು. ಮಾವ ಗೋಣಿಚೀಲ ಹಾಸಿ ತಾವೇ ಕೂತು, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಕೈಯಲ್ಲಿ ಎತ್ತುಗಳ ಹುರಿ ಹಿಡಿಯುತ್ತಿದ್ದರು. ಹೆಂಟೆ ಎಡಕ್ಕಿದ್ದರೆ ಎಡಕ್ಕೆ ವಾಲುವರು, ಬಲಕ್ಕಿದ್ದರೆ ಬಲಕ್ಕೆ. "ಕಲ್ಲಿಗೆ ವಾಲಾಕ ಬರ್ತೈತೇನೋ?" ಎಂದು ಕೇಳುವರು. ಎತ್ತುಗಳು ನಡೆದರೆ ಅವರಿಗೆ ಸಾಲದು, ಓಡಬೇಕು. "ಹೋಯ್, ಬಿರಬಿರ ನಡೀರಿ!" ಹಿಂದೆ ಧೂಳು, ಧೂಳಿನ ಹಿಂದೆ ಏದುಸಿರು ಬಿಡುತ್ತ ನಾನು.

ಈ ಹುದ್ದೆಗೆ ಅವರ ತಯಾರಿಯೂ ಅಷ್ಟೇ ಶ್ರದ್ಧೆಯದು. ಬೇಸಿಗೆಯಿಡೀ ಅತ್ತೆ ರೊಟ್ಟಿ ಬಡಿದು ಬಡಿದು ಸೋಲುತ್ತಿದ್ದರು.

"ಇನ್ನೊಂದು ಹಾಕು. ಈ ಸಲ ಹೆಂಟೆ ಗಟ್ಟಿ ಅದಾವೆ."

"ಹೆಂಟೆ ಒಡೆಯೋ ಮೊದ್ಲು ನನ್ನ ರಟ್ಟೆ ಮುರೀತಾವೆ," ಎನ್ನುತ್ತ ಅತ್ತೆ ಇನ್ನೊಂದು ಹಾಕುವರು.

ಹೀಗೆ ನಡೆಯುತ್ತಿದ್ದ ಬೇಸಾಯಕ್ಕೆ ಒಂದು ಚಳಿಗಾಲ ಕಾಮಾಲೆ ಬಂದು ಅಡ್ಡ ನಿಂತಿತು. ಮಾವ ಬದುಕಿಕೊಂಡರು, ದೇಹ ಮಾತ್ರ ಅರ್ಧಕ್ಕಿಳಿಯಿತು. ಆ ಮುಂಗಾರಿಗೆ ದೊಡ್ಡಮಾವ ನನ್ನೊಬ್ಬನನ್ನೇ ಕಳಿಸಲಿಲ್ಲ. ಕೊಡೆ ಹಿಡಿದು ತಾವೂ ಬಂದು ಬದುವಿನ ಮೇಲೆ ನಿಂತರು.

ಮಾವನನ್ನು ಎತ್ತಿ ಕೊರಡಿನ ಮೇಲೆ ಕೂರಿಸಿದೆ. ಮೊದಲೆಲ್ಲ ನನ್ನ ಬೆನ್ನು ಹಿಡಿದುಕೊಳ್ಳುತ್ತಿತ್ತು, ಅಂದು ಹಿಡಿಯಲಿಲ್ಲ. ಅದೇ ಕೆಟ್ಟ ಸೂಚನೆ. ಎತ್ತುಗಳು ಹೊರಟವು. ಕೊರಡು ಹೆಂಟೆಗಳ ಮೇಲೆ ಕುಪ್ಪಳಿಸುತ್ತ ಹೋಯಿತು. ಹಿಂದಿರುಗಿ ನೋಡಿದರೆ ಹೆಂಟೆಗಳು ಇದ್ದ ಹಾಗೇ ಇದ್ದವು. ಮಾವನೂ ಹಿಂದಿರುಗಿ ನೋಡಿದರು. ಹುರಿ ಜಗ್ಗಿ ನಿಲ್ಲಿಸಿದರು.

ನಾನು ಒಂದು ಕಲ್ಲು ಎತ್ತಿ ತಂದೆ. ಅವರು ಅದನ್ನು ಸವತಿಯ ಮಗನನ್ನು ನೋಡುವಂತೆ ನೋಡಿದರು. "ಅದನ್ನ ಹತ್ತಿಸಂಗಿದ್ರೆ ನನ್ನ ಇಳಿಸು."

"ಸಾಕು ಬಿಡೋ ತಮ್ಮ," ಎಂದರು ದೊಡ್ಡಮಾವ. ದನಿ ಮೆತ್ತಗಿತ್ತು. "ಯಾರೂ ನಿನ್ನ ಸೋತ ಅನ್ನಲ್ಲ."

ಮಾವ ಸೊಂಟದ ಹಗ್ಗದ ಗಂಟಿಗೆ ಕೈ ಹಾಕಿದರು.

ಬುತ್ತಿ ತಂದಿದ್ದ ಅತ್ತೆ ಅಷ್ಟು ಹೊತ್ತೂ ಬದುವಿನಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. ಉಸ್ಸೆಂದು ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಂಟೆಗಳ ಮೇಲೆ ತಡವರಿಸುತ್ತ ನಡೆದು, ಕೊರಡಿನ ಹತ್ತಿರ ಹೋಗಿ ನಿಂತರು.

"ಸರೀರಿ ಅತ್ಲಾಗ."

"ನೀನ್ಯಾಕ?"

"ನೀವು ತಿಂದ ರೊಟ್ಟಿ ಎಲ್ಲಾ ಕಾಮಾಲೆ ಪಾಲಾತು. ನಾನು ತಿಂದಿದ್ದಾದ್ರೂ ಕೆಲಸಕ್ಕೆ ಬರ್ಲಿ."

"ಜನ ನೋಡ್ತಾರೆ ಕಣೆ."

"ನೋಡ್ಲಿ. ನನಗೂ ಒಂದಿನ ಕುಂತು ಬೇಸಾಯ ಮಾಡಬೇಕು ಅಂತೈತೆ."

ಗಂಡನ ಹಿಂದೆ ಕೂತು, ಅವರ ನಡುವಿಗೆ ಕೈ ಬಳಸಿ ಹಿಡಿದರು. ಕೊರಡು ಹೊರಟಿತು. ಹೆಂಟೆಗಳು ಪುಡಿಪುಡಿಯಾಗುವ ಸದ್ದು ಬದುವಿನ ತನಕ ಕೇಳಿತು. ದೊಡ್ಡಮಾವ ಸ್ವಲ್ಪ ಹೊತ್ತು ಕೊಡೆಯ ಹಿಡಿಯನ್ನೇ ಪರೀಕ್ಷಿಸುತ್ತ ನಿಂತಿದ್ದು, "ನಡಿ, ಬಸ್ಸಿಗೆ ಹೊತ್ತಾತು" ಎಂದರು. ಕೋರಿನ ಮಾತನ್ನು ಮುಂದಿನ ಯಾವ ಯುಗಾದಿಗೂ ಅವರು ಎತ್ತಲಿಲ್ಲ.

ನಾವು ಗಾಡಿದಾರಿ ಮುಟ್ಟುವ ಹೊತ್ತಿಗೆ ಹೊಲದ ಆ ತುದಿಯಿಂದ ಮಾವನ ದನಿ ಕೇಳಿಸಿತು. ಎತ್ತುಗಳಿಗೆ ಹೇಳುತ್ತಿದ್ದರು: "ನಿಧಾನ... ನಿಧಾನ ನಡೀರಪ್ಪ."

ಆ ಮಾತನ್ನು ಎತ್ತುಗಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ನಿಂತೇಬಿಟ್ಟವು. ಮಾವ ಅವುಗಳನ್ನು ಗದರಿಸಲಿಲ್ಲ. ಅತ್ತೆ ಅವರ ಬೆನ್ನಿಗೆ ತಲೆ ಆನಿಸಿ ಹಾಗೇ ಕೂತಿದ್ದರು.