ಮಾವನ ಗಾಳಿಕೋವಿ

ಅಳಿಯ ಸುಮ್ಮನಿರಲಾರದೆ ಮೂಲೆಯಲ್ಲಿದ್ದ ಮಾವನ ಹಳೇ ಗಾಳಿಕೋವಿಯನ್ನು ಎತ್ತಿ, ಅದರ ಹೊಟ್ಟೆಯಡಿಯ ಪಂಪನ್ನು ನಾಲ್ಕು ಸಲ ಒತ್ತಿದ. ಕೋವಿ ಮುದಿ ಬೆಕ್ಕಿನಂತೆ 'ಬುಸ್' ಎಂದು ಗಾಳಿಯನ್ನೆಲ್ಲ ಹೊರಗೆ ಬಿಟ್ಟಿತು.

"ಇದನ್ನ ನಾನೇ ರಿಪೇರಿ ಮಾಡ್ತೀನಿ" ಅಂದುಬಿಟ್ಟ.

"ನೀವಾ? ಗಡಿಯಾರಕ್ಕೆ ಕೀ ಕೊಡೋಕೆ ಹೋಗಿ ಮುಳ್ಳು ಕಿತ್ತವರು!" ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಇನ್ನಷ್ಟು ಹರಡಿ ಕೂತರು. "ನೋಡಿ ಅಳಿಯಂದಿರೇ, ಸಂಜೆಯೊಳಗೆ ಇದು ಕಾಂಪೌಂಡ್ ಮೇಲಿನ ಆ ಡಬ್ಬಿ ಬೀಳಿಸಿದ್ರೆ ಆ ಕ್ಷಣವೇ ಪೆಟ್ಟಿಗೆ ಎತ್ಕೊಂಡು ಊರಿಗೆ ಹೊರಡ್ತೀನಿ. ಇಲ್ದಿದ್ರೆ ಈ ಕುರ್ಚಿ ಖಾಯಂ ನಂದು."

ಆ ಕುರ್ಚಿ ಅಳಿಯನದು. ಕಚೇರಿಯಿಂದ ಬಂದು, ಯಾರೊಡನೆಯೂ ಮಾತಾಡದೆ ಸ್ವಲ್ಪ ಹೊತ್ತು ಅದರಲ್ಲಿ ಕೂರುವುದೊಂದೇ ಅವನ ಐಶ್ವರ್ಯವಾಗಿತ್ತು. ನಾಲ್ಕು ದಿನಕ್ಕೆಂದು ಬಂದ ಮಾವ ಕ್ಯಾಲೆಂಡರಿನ ಹಾಳೆಗಳು ಮಗುಚಿದರೂ ಹೊಸಿಲು ದಾಟಿರಲಿಲ್ಲ. ಬಾಯಿ ಮುಚ್ಚಿರಲೂ ಇಲ್ಲ.

"ರೀ, ಸೋಲೊಪ್ಕೊಂಡ್ಬಿಡಿ. ಇರೋದೊಂದು ಭಾನುವಾರ" ಎಂದಳು ಹೆಂಡತಿ.

"ಪ್ರಾಣ ಹೋದ್ರೂ ಒಪ್ಕೊಳ್ಳಲ್ಲ!"

ಊಟದ ಮೇಜಿನ ಮೇಲೆ ಕೋವಿಯನ್ನು ಬಿಚ್ಚಿದ. ಎರಡನೇ ಸ್ಕ್ರೂ ಸಡಿಲವಾದದ್ದೇ ತಡ, ಒಳಗಿದ್ದ ಸ್ಪ್ರಿಂಗು ಜೈಲು ಮುರಿದ ಕಳ್ಳನಂತೆ ನೆಗೆದು ಹಾಲಿನ ಪಾತ್ರೆಗೆ ಬಿತ್ತು. ಹೆಂಡತಿ ಹಾಲು ಸೋಸಿ, ಸ್ಪ್ರಿಂಗನ್ನು ತಂದು ಅವನ ಮುಂದಿಟ್ಟಳು.

ಸದ್ದು ಕೇಳಿ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಬಂದ. ಗಂಟಲಿನ ದೆಸೆಯಿಂದ ಬೀದಿಗೆಲ್ಲ ಅವನು 'ಹಾರನ್'.

"ಏನು ಗುರೂ, ಬ್ರೇಕ್ ಫೇಲಾ?"

"ಗಾಳಿ ನಿಲ್ತಿಲ್ಲ."

ಹಾರನ್ ಪಂಪಿನ ದಂಡವನ್ನು ಎಳೆದು ನೋಡಿದ. "ಚರ್ಮದ ವಾಷರ್ ಒಣಗಿ ತರಗೆಲೆ ಆಗಿದೆ. ಮೆತ್ತನೆ ಚರ್ಮ ಹಾಕ್ಬೇಕು."

ಅಳಿಯ ಕೇಳಲಿಲ್ಲ. ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ತುರುಕಿ, ಎಣ್ಣೆ ಬಿಟ್ಟು, ಪಂಪು ಒತ್ತಿದ. ಕೋವಿ ಒಮ್ಮೆ ಸೀನಿತು. ಹಾರನ್‌ನ ಬಿಳಿ ಅಂಗಿಯ ಮೇಲೆ ಎಣ್ಣೆಯ ಭೂಪಟ ಮೂಡಿತು.

"ಅಯ್ಯೋ, ಹೊಸ ಅಂಗಿ!" ಎಂಬ ಕೂಗಿಗೆ ಅರ್ಧ ಬೀದಿ ಗೇಟಿನ ಬಳಿ ನೆರೆಯಿತು.

"ಕುರ್ಚಿ ಬಹಳ ಹಿತವಾಗಿದೆ" ಎಂದರು ಮಾವ.

ಅಳಿಯ ಹಲ್ಲು ಕಚ್ಚಿ ಮೆಟ್ಟಿಲಡಿಯ ಸಾಮಾನಿನ ರಾಶಿಗೆ ನುಗ್ಗಿದ. ಧೂಳು ಮೆತ್ತಿ, ಜೇಡ ಸಂಸಾರ ಹೂಡಿದ್ದ ಒಂದು ಜೊತೆ ಹಳೇ ಬೂಟು ಸಿಕ್ಕಿತು. ಒಂದರ ನಾಲಿಗೆಯನ್ನು ಕತ್ತರಿಸಿ, ಅದರಿಂದ ಬಿಲ್ಲೆ ಕೊರೆದು, ಹೊಲಿಗೆ ಯಂತ್ರದ ಎಣ್ಣೆಯಲ್ಲಿ ನೆನೆಸಿ, ದಂಡಕ್ಕೆ ಕೂರಿಸಿದ. ಪಂಪು ಒತ್ತಿದ. ಕೋವಿ ಉಸಿರು ಬಿಗಿಹಿಡಿಯಿತು. ಮಾವ ಬಂದಂದಿನಿಂದ ಆ ಮನೆಯಲ್ಲಿ ಕೇಳಿಸಿದ ಮೊದಲ ಮೌನ ಅದು.

ಗೇಟಿನ ಬಳಿಯಿದ್ದವರನ್ನೆಲ್ಲ ಬೆನ್ನ ಹಿಂದಕ್ಕೆ ಕರೆಸಿಕೊಂಡು ಗುರಿಯಿಟ್ಟ. ಮೊದಲ ಗುಂಡು ಡಬ್ಬಿಯ ಕೆಳಗಿನ ಗಾರೆಗೆ ಬಡಿಯಿತು.

"ಗೋಡೆ ಸತ್ತಿತು!" ಎಂದರು ಮಾವ.

ಅಳಿಯ ಗುರಿಯ ಸ್ಕ್ರೂವನ್ನು ಚೂರು ತಿರುಗಿಸಿ ಮತ್ತೆ ಹೊಡೆದ. ಠಣ್! ಡಬ್ಬಿ ಉರುಳಿತು.

ಮಾವ ಎದ್ದರು. "ಮಾತು ಅಂದ್ರೆ ಮಾತು." ಪೆಟ್ಟಿಗೆ ತುಂಬಿ ಬಾಗಿಲಿಗೆ ನಡೆದರು. ಅಳಿಯ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ.

"ನನ್ನ ಬೂಟಿನ ನಾಲಿಗೆ ಎಲ್ಲಿ?" ಮಾವ ಮೆಟ್ಟಿಲಡಿಯ ಹಳೇ ಬೂಟು ಹಿಡಿದು ನಿಂತಿದ್ದರು.

ಅಳಿಯ ಕಣ್ಣು ತೆರೆದ. ಹಾರನ್ ಕೆಮ್ಮಿ, "ಕೋವಿ ಒಳಗಿದೆ" ಎಂದ.

"ಕಿತ್ತು ಕೊಡಿ. ನಾಲಿಗೆ ಇಲ್ಲದ ಬೂಟು ಹಾಕ್ಕೊಂಡು ಊರಿಗೆ ಹೋಗೋ ಜಾಯಮಾನ ನಂದಲ್ಲ."

"ಕಿತ್ರೆ ಕೋವಿ ಕೆಡುತ್ತೆ, ಮಾವ!"

"ಕೆಟ್ರೆ ಅದು ರಿಪೇರಿ ಹೇಗಾಯ್ತು? ಕುರ್ಚಿ ನಂದು. ಕೀಳದಿದ್ರೆ ನಾನು ಹೊರಡೋ ಹಾಗಿಲ್ಲ. ಆಗಲೂ ಕುರ್ಚಿ ನಂದೇ. ಏಳಿ."

ಅಳಿಯ ಸೋಲುವವನಲ್ಲ. ಕಚೇರಿಗೆ ಹಾಕುವ ತನ್ನ ಒಂದೇ ಒಂದು ಜೊತೆ ಬೂಟು ತಂದು, ಎಲ್ಲರೆದುರು ಕಚಕ್ಕನೆ ನಾಲಿಗೆ ಕತ್ತರಿಸಿ ನೀಡಿದ. "ತಗೊಳ್ಳಿ! ಇದನ್ನ ಹೊಲಿಸ್ಕೊಂಡು ಹೊರಡಿ."

ಮಾವ ಅದನ್ನು ಬೆರಳಲ್ಲಿ ಮಡಚಿ ನೋಡಿದರು. "ಇದು ರೆಕ್ಸಿನ್, ಅಳಿಯಂದಿರೇ. ನಮಗೆ ಒಗ್ಗಲ್ಲ." ಕುರ್ಚಿಗೆ ಮರಳಿ, "ಮಗಳೇ, ಚಹಾ" ಎಂದರು.

ಅಳಿಯ ಡಬ್ಬಿಯನ್ನು ಮತ್ತೆ ಕಾಂಪೌಂಡ್ ಮೇಲಿಟ್ಟು ಬಂದು ಹೊಡೆದ. ಠಣ್! ಇಡೀ ಬೀದಿಗೆ ಕೇಳಿಸಲೆಂದು ಇನ್ನೊಮ್ಮೆ ಇಟ್ಟು ಹೊಡೆದ. ನಿಂತೇ ಹೊಡೆದ, ಕೂರಲು ಕುರ್ಚಿ ಎಲ್ಲಿತ್ತು?