ಬಸ್ಸಣ್ಣನ ಕೈಕೆಳಗೆ

ಭದ್ರಾವತಿಯ ಮೊಳೆ ಕಾರ್ಖಾನೆಯೊಂದರ ಸಿಬ್ಬಂದಿ ಬಸ್ಸಿಗೆ ಜೀವವಿದೆ ಎಂಬುದನ್ನು ಅಲ್ಲಿನ ಆಡಳಿತ ಕಚೇರಿಯು ೨೦೦೧ರಲ್ಲಿ ವಿಧಿವತ್ತಾಗಿ ಅಂಗೀಕರಿಸಿತು.

ಇದಕ್ಕೆ ಆಧಾರ ಟಿ.ವಿ.ಯ ಒಂದು ಮಕ್ಕಳ ಧಾರಾವಾಹಿ. ತಾನೇ ಓಡಾಡುವ, ಕಣ್ಣು ಹೊಡೆಯುವ, ಶಾಲೆ ತಪ್ಪಿಸುವವರನ್ನು ಗದರುವ ಬಸ್ಸಣ್ಣನ ಪಾತ್ರಕ್ಕೆ ಕಾರ್ಖಾನೆಯ ಬಸ್ಸು ಆಯ್ಕೆಯಾಗಿತ್ತು. ಚಾಲಕ ಕಾಂತರಾಜ್ ಕಾಣಬಾರದೆಂದು ಧಾರಾವಾಹಿಯವರು ಅವನ ಸೀಟು ಕಿತ್ತು, ತಗ್ಗಿನಲ್ಲೊಂದು ಹಲಗೆ ಹಾಕಿ, ಮೇಲೆ ಕರಿಕಂಬಳಿ ಹೊದಿಸಿದ್ದರು. ಮುಂಭಾಗದಲ್ಲಿ ಕೊರೆದ ಸೀಳಿನಿಂದ ರಸ್ತೆ ನೋಡಿಕೊಂಡು ಅವನು ಶಂಕರಘಟ್ಟದವರೆಗೂ ಬಸ್ಸು ಓಡಿಸಿ ಬಂದಿದ್ದ. ಭಾನುವಾರ ಧಾರಾವಾಹಿ ಬಂದಾಗ ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು, "ನೋಡ್ರಿ, ನಾನು ಎಲ್ಲಾದ್ರೂ ಕಾಣ್ತಿದೀನಾ?" ಎಂದು ಎದೆಯುಬ್ಬಿಸಿದ.

ಆಡಳಿತಾಧಿಕಾರಿ ನರಸಿಂಹಮೂರ್ತಿಯವರಿಗೂ ಅವನು ಕಾಣಲಿಲ್ಲ. ಸೋಮವಾರ ಕರೆಸಿದರು.

"ಬಸ್ಸು ತಾನೇ ಓಡುತ್ತೆ ಅಂದ್ಮೇಲೆ ನೀನ್ಯಾಕಪ್ಪ? ಸಿಬ್ಬಂದಿ ಕಡಿತ ನಡೀತಿರೋದು ಗೊತ್ತಲ್ಲ."

"ಓಡಿಸಿದ್ದು ನಾನೇ ಸಾರ್. ಕಂಬಳಿ ಒಳಗಿದ್ದೆ."

"ಡ್ಯೂಟಿ ಮೇಲೆ ಕಂಬಳಿ ಹೊದ್ದಿದ್ಯಾ? ಹಾಗಂತ ಬರ್ಕೊಡು, ಇವತ್ತೇ ವಜಾ ಮಾಡ್ತೀನಿ."

ಕಾಂತರಾಜ್ ಲೆಕ್ಕ ಹಾಕಿದ. ಓಡಿಸಿಲ್ಲವೆಂದರೆ ಹುದ್ದೆ ರದ್ದು, ಓಡಿಸಿದೆನೆಂದರೆ ವಜಾ.

ವಿಚಾರಣಾ ಸಮಿತಿ ಕೂತಿತು. ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಿಕೊಂಡು ಧಾರಾವಾಹಿಯ ಕ್ಯಾಸೆಟ್ಟನ್ನು ಮತ್ತೆ ಮತ್ತೆ ನೋಡಿ, ಚಾಲಕನ ಜಾಗ ಖಾಲಿಯಿದೆ ಎಂದು ಖಚಿತಪಡಿಸಿತು. ಕಾರ್ಮಿಕ ಸಂಘದ ಮೂರ್ತಪ್ಪ ಮಧ್ಯೆ ಬಾಯಿ ಹಾಕಿದ.

"ಸಂಸಾರಸ್ಥ ಸಾರ್. ಬಸ್ಸನ್ನೇ ಡ್ರೈವರ್ ಮಾಡಿ, ಇವನನ್ನ ಅದರ ಕೈಕೆಳಗೆ ಇಟ್ಟುಬಿಡಿ."

ಈ ನ್ಯಾಯ ಎಲ್ಲರಿಗೂ ಒಪ್ಪಿಗೆಯಾಗಿ ಆದೇಶ ಹೊರಬಿತ್ತು:

"ಬಸ್ಸಣ್ಣ ಇವರನ್ನು ಚಾಲಕರಾಗಿ ನೇಮಿಸಲಾಗಿದೆ. ಇವರಿಗೆ ಕೈಗಳಿಲ್ಲವಾದ ಕಾರಣ ಇವರ ವೇತನವನ್ನು ಆಡಳಿತಾಧಿಕಾರಿಗಳು ಪಡೆಯತಕ್ಕದ್ದು. ಸಹಾಯಕ ಕಾಂತರಾಜ್ ಕರ್ತವ್ಯದ ವೇಳೆಯಲ್ಲಿ ಯಾರ ಕಣ್ಣಿಗೂ ಬೀಳತಕ್ಕದ್ದಲ್ಲ. ಸಹಾಯಕನಿಗೆ ರಜೆ ನೀಡುವ ಅಧಿಕಾರ ಬಸ್ಸಣ್ಣ ಇವರಿಗೇ ಸೇರಿದ್ದು."

ಬಸ್ಸಣ್ಣ ಇವರಿಗೆ ಮಂಜೂರಾದ ಸಮವಸ್ತ್ರದ ಬಟ್ಟೆಯಲ್ಲಿ ನರಸಿಂಹಮೂರ್ತಿಯವರು ಸಫಾರಿ ಹೊಲಿಸಿಕೊಂಡರು.

ಕಾರ್ಖಾನೆ ಬೇಗ ಹೊಂದಿಕೊಂಡಿತು. ಹತ್ತುವವರು ಬಸ್ಸಿಗೆ ನಮಸ್ಕಾರ ಹೇಳಿ ಹತ್ತಿದರು. ಪ್ಯಾಕಿಂಗ್ ವಿಭಾಗದ ದುರ್ಗಮ್ಮ ಇಳಿಯುವಾಗ ಬಾಗಿಲು ಸವರಿದಳು. "ಎಷ್ಟು ನೈಸಾಗಿ ಬಂದ್ಯೋ ಮಾರಾಯ. ಆ ಕಾಂತರಾಜ ಓಡಿಸ್ತಿದ್ದಾಗ ನನ್ನ ಸೊಂಟ ಸೊಂಟವಾಗಿರಲಿಲ್ಲ."

ಕಂಬಳಿಯೊಳಗಿದ್ದ ಕಾಂತರಾಜ್ ನಿಯಮದಂತೆ ತಲೆ ಇನ್ನಷ್ಟು ತಗ್ಗಿಸಿದ.

ಅಷ್ಟರಲ್ಲಿ ಶಿವಮೊಗ್ಗದ ಆಲ್ಕೊಳದಲ್ಲಿ ಅವನ ನಾದಿನಿ ಕವನಳ ನಿಶ್ಚಿತಾರ್ಥ ಬಂತು. ರಜೆ ಅರ್ಜಿಯನ್ನು ವೈಪರಿಗೆ ಸಿಕ್ಕಿಸಿ ಕಾದ. ಉತ್ತರವಿಲ್ಲ. ನರಸಿಂಹಮೂರ್ತಿಯವರನ್ನು ಕೇಳಿದರೆ, "ನಿಮ್ಮಿಬ್ಬರ ಮಧ್ಯೆ ನಾನು ತಲೆ ಹಾಕಲ್ಲ," ಎಂದರು.

ನಿಶ್ಚಿತಾರ್ಥದ ಬೆಳಿಗ್ಗೆ ಹೆಂಡತಿ ಶೀಲಾ ರೇಷ್ಮೆ ಸೀರೆಯುಟ್ಟು ಕಾರ್ಖಾನೆಯ ಗೇಟಿಗೇ ಬಂದಳು. ಬಸ್ಸಿನ ಮುಂದೆ ತೆಂಗಿನಕಾಯಿ ಒಡೆದು, ಸೆರಗು ಹೊದ್ದು ನಿಂತು ಕೇಳಿದಳು.

"ಸಾಹೇಬ್ರೆ, ಇವತ್ತೊಂದಿನ ಇವರನ್ನ ಕಳಿಸಿಕೊಡಿ. ತಂಗಿ ನಿಶ್ಚಿತಾರ್ಥ."

ಬಸ್ಸಣ್ಣ ಮಾತಾಡಲಿಲ್ಲ. ಶೀಲಾ ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ತಿರುಗಿ ದನಿ ತಗ್ಗಿಸಿದಳು.

"ಬೆಳಿಗ್ಗೆ ನೀರು ಹಾಕಿದ್ರಾ?"

"ಹಾಕ್ದೆ."

"ಆಯಿಲ್ಲು?"

"ಅದನ್ನೂ ನೋಡ್ದೆ."

"ಮತ್ಯಾಕೆ ಸಾಹೇಬ್ರ ಮುಖ ಹಂಗಿದೆ?"

"ಕೆಲಸ ಜಾಸ್ತಿ ಅಲ್ವೇನೇ, ಪಾಪ," ಎಂದು ಕಾಂತರಾಜ್ ಕಂಬಳಿಯೊಳಗೆ ಹೋದ.

ಶೀಲಾ ಬಸ್ಸಿಗೆ ಕೈಮುಗಿದು, ಒಬ್ಬಳೇ ಆಲ್ಕೊಳಕ್ಕೆ ಹೊರಟಳು.